ಕೊಬ್ಬರಿ ನಮ್ಮದು, ಎಣ್ಣೆ ಮಲೇಷ್ಯಾದ್ದು

ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಾರಿ, ಅದೇ ದುಡ್ಡಲ್ಲಿ ಪಾಮ್ ಎಣ್ಣೆ ಪ್ಯಾಕೆಟ್ ಕೊಂಡು ಬರುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಮಾರುವ ಬೆಲೆ, ಕೊಳ್ಳುವ ಬೆಲೆ ಎರಡನ್ನೂ ದೇಶದ ಗಡಿಯಲ್ಲಿ ಹಾಕುವ ಆಮದು ಸುಂಕ ಅಲ್ಲಾಡಿಸುತ್ತದೆ. ಇದು ಶುರುವಾದದ್ದು ಹೇಗೆ?

ನಮ್ಮ ಅಜ್ಜಂದಿರ ಕಾಲದಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲೇ ಹುಚ್ಚೆಳ್ಳು ಬೆಳೆಯುತ್ತಿತ್ತು. ಗಾಣಕ್ಕೆ ಹಾಕಿಸಿದರೆ ಮನೆಗೆ ಎಣ್ಣೆ. 1980ರ ದಶಕದಲ್ಲಿ ಪಾಮೋಲಿನ್ ರೇಷನ್ ಅಂಗಡಿಗೆ ಬಂತು. ಆಗ ಅದನ್ನು ಹೊರದೇಶದಿಂದ ತರಿಸುತ್ತಿದ್ದದ್ದು ಸರ್ಕಾರಿ ಸಂಸ್ಥೆ.

1994ರಲ್ಲಿ ಬಾಗಿಲು ತೆರೆಯಿತು. ಶೇ. 65 ಸುಂಕ ಕಟ್ಟಿ ಖಾಸಗಿಯವರೂ ಪಾಮೋಲಿನ್ ತರಿಸಬಹುದು ಎಂದಾಯಿತು. 1995ರಲ್ಲಿ ಸುಂಕ ಶೇ. 30ಕ್ಕೆ ಇಳಿಯಿತು. 1996ರ ಜುಲೈ ಬಜೆಟ್‌ನಲ್ಲಿ ಶೇ. 20 ಆಯಿತು. ಆಗ ಪ್ರಧಾನಿ ಹೊಳೆನರಸೀಪುರ ತಾಲ್ಲೂಕು ಹರದನಹಳ್ಳಿಯ ಎಚ್.ಡಿ. ದೇವೇಗೌಡರು. ಪ್ರಧಾನಿ ನಮ್ಮ ಸೀಮೆಯವರೇ ಆದರೂ ದೆಹಲಿಯ ಲೆಕ್ಕದಲ್ಲಿ ತೆಂಗಿನ ತೋಟದ ಜೊತೆ ಇಡೀ ದೇಶದ ಒಗ್ಗರಣೆಯೂ ಇರುತ್ತದೆ. 2008ರಲ್ಲಿ ಕಚ್ಚಾ ಎಣ್ಣೆಯ ಸುಂಕ ಸೊನ್ನೆಯಾಯಿತು.

ಹೀಗೆ ಮಲೇಷ್ಯಾ, ಇಂಡೋನೇಷ್ಯಾದ ಎಣ್ಣೆ ಅರಕಲಗೂಡಿನ ಹಳ್ಳಿ ಅಂಗಡಿಯವರೆಗೂ ಬಂತು. ಅಲ್ಲಿನ ತಾಪತ್ರಯವೂ ಜೊತೆಗೇ ಬಂತು. 2022ರಲ್ಲಿ ಉಕ್ರೇನ್ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ನಿಂತಿತು, ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ಪಾಮ್ ಎಣ್ಣೆ ರಫ್ತನ್ನೇ ನಿಲ್ಲಿಸಿತು. ಇಲ್ಲಿ ಒಗ್ಗರಣೆಗೆ ಎಣ್ಣೆ ಅಳೆದು ಹಾಕುವಂತಾಯಿತು.

ಈಗ ಮಾರುವವರ ಕಡೆ ನೋಡೋಣ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂ. ಇದ್ದರೂ, ತಿಪಟೂರು ಮಾರುಕಟ್ಟೆಯಲ್ಲಿ ದರ 8,000 ರೂ. ಆಸುಪಾಸಿಗೆ ಕುಸಿಯಿತು. ಹೊರಗಿನ ಅಗ್ಗದ ಎಣ್ಣೆಯೇ ಕಾರಣ ಎಂದು ರೈತರು ದೂರಿದರು. ನಮ್ಮ ಉಂಡೆ ಕೊಬ್ಬರಿ ಹೆಚ್ಚಾಗಿ ತಿನ್ನಲು ಹೋಗುವಂಥದ್ದು, ನಿಜ. ಆದರೆ ಎಣ್ಣೆ ಗಿರಣಿಗಳ ಬೇಡಿಕೆ ಬಿದ್ದರೆ ಅದಕ್ಕೂ ಬಿಸಿ ತಟ್ಟುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಕಚ್ಚಾ ಎಣ್ಣೆಗೆ ಶೇ. 20 ಮೂಲ ಸುಂಕ ಹಾಕಿತು. ಅಂಗಡಿಯಲ್ಲಿ ಎಣ್ಣೆ ತುಟ್ಟಿಯಾಯಿತು. 2025ರ ಮೇ ಕೊನೆಗೆ ಅದನ್ನು ಶೇ. 10ಕ್ಕೆ ಇಳಿಸಿತು. ಆದರೂ ಆ ವರ್ಷ ಕೊಬ್ಬರಿ 20,000 ರೂ. ದಾಟಿತು, ಯಾಕೆಂದರೆ ಮರದಲ್ಲಿ ಕಾಯಿಯೇ ಕಡಿಮೆ ಇತ್ತು. ಸುಂಕವೊಂದೇ ಬೆಲೆ ಕಟ್ಟುವುದಿಲ್ಲ.

ಸುಂಕ ಏರಿದರೆ ತೋಟದವರಿಗೆ ಅನುಕೂಲ. ಒಂದು ತೆಂಗಿನ ಮರವೂ ಇಲ್ಲದ ಕೂಲಿ ಮನೆಗೆ ಅದೇ ದಿನದಿಂದ ಖರ್ಚು. ಒಂದೇ ಬೀದಿಯ ಈ ಎರಡು ಮನೆಗಳಿಗೆ ಒಂದೇ ಸುದ್ದಿ ಬೇರೆ ಬೇರೆ. ‘ಸುಂಕ ಏರಿಸಿ’ ಎಂದು ಕೇಳುವ ನಾವು, ರೇಷನ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಎಣ್ಣೆ ಕೊಡಿ ಎಂದೂ ಜೊತೆಯಲ್ಲೇ ಕೇಳಬೇಕು.