ಒಬ್ಬ ವಿದ್ಯಾರ್ಥಿ, ಎರಡು ಶೋಧ: ಚರ್ಮಕ್ಕೆ ಪಾಠ ಹೇಳುವ ಔಷಧಿಯ ಕಥೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಎಪ್ಪತ್ತು ದಾಟಿದ ಅಜ್ಜ-ಅಜ್ಜಿಯರ ತೋಳು ನೋಡಿ. ಸಾಮಾನ್ಯವಾಗಿ ಒಂದು ದುಂಡನೆಯ ಕಲೆ ಇರ್ತದೆ. ಕೇಳಿದರೆ ‘ಮೈಲಿ ಹಾಕಿದ್ದು’ ಅಂತಾರೆ. ಮೈಲಿ ಅಂದ್ರೆ ಸಿಡುಬು. ರೋಗದ ಹೆಸರೇ ಲಸಿಕೆಗೂ ಅಂಟಿಕೊಂಡಿತು.

ಆ ಲಸಿಕೆ ಬಾಗ್ದಾದ್, ಬಸ್ರಾ ದಾಟಿ, ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಹಾಯುತ್ತ ಮುಂಬೈಗೆ ಬಂತು. 1802ರ ಜೂನ್ 14ರಂದು ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದರು. ಅವಳ ತೋಳಿನಿಂದ ತೆಗೆದದ್ದೇ ದೇಶದ ಬೇರೆ ಊರುಗಳಿಗೆ ಹೋಯಿತು. ಮುಂದೆ ನಮ್ಮ ಸೀಮೆ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಹಿರೇಕೆರೂರು ಕೋಡ ತಾಲೂಕಿನ ಕಚೇರಿ ಊರಾಗಿತ್ತು, ಶಿಗ್ಗಾಂವಿ ಬಂಕಾಪುರ ತಾಲೂಕಿನದು. ಸವಣೂರು ಮಾತ್ರ 1948ರವರೆಗೂ ನವಾಬರ ಸಂಸ್ಥಾನ. ಆಳುವವರು ಯಾರೇ ಇರಲಿ, ಲಸಿಕೆ ಹಾಕುವ ಜಾಗ ಒಂದೇ: ಚರ್ಮ.

ಯಾಕೆ ಚರ್ಮ? ಉತ್ತರದ ಮೊದಲ ತುಂಡು ಸಿಕ್ಕಿದ್ದು ಪಾಲ್ ಲಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿಗೆ. 1868ರಲ್ಲಿ ಚರ್ಮದೊಳಗೆ ಕೊಂಬೆ ಚಾಚಿದಂಥ ಕೋಶಗಳನ್ನು ಕಂಡ. ನರದ ಕೋಶ ಅಂತ ತಿಳಿದ. ಅವು ಹೊರಗಿನವರನ್ನು ಗುರುತಿಸಿ ರೋಗನಿರೋಧಕ ಪಡೆಗೆ ಸುದ್ದಿ ಮುಟ್ಟಿಸುವ ಕಾವಲುಗಾರರು ಅಂತ ಗೊತ್ತಾಗೋಕೆ ನೂರು ವರ್ಷ ಬೇಕಾಯ್ತು. ಮರುವರ್ಷ, 1869ರಲ್ಲಿ, ಅದೇ ಹುಡುಗ ಮೇದೋಜ್ಜೀರಕ ಗ್ರಂಥಿಯಲ್ಲಿ ಪುಟ್ಟ ದ್ವೀಪಗಳಂಥ ಗುಂಪುಗಳನ್ನೂ ಕಂಡ. ಇನ್ಸುಲಿನ್ ತಯಾರಾಗೋದು ಅಲ್ಲೇ. ಈ ಎರಡು ಶೋಧಗಳಿಗೂ ಸಂಬಂಧ ಇದೆ ಅಂತ ಅವನಿಗೆ ಹೊಳೆಯೋಕೆ ದಾರಿಯೇ ಇರಲಿಲ್ಲ.

ಆ ಕಾವಲುಗಾರರಿಂದ ನಮಗೆ ಈಗಾಗಲೇ ಲಾಭ ಆಗಿದೆ. ನಾನು ಬಿ.ಕಾಂ. ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ನಾಯಿ ಕಚ್ಚಿದರೆ ಸ್ನಾಯುವಿಗೆ 5 ಪೂರ್ತಿ ಡೋಸ್ ಕೊಡಬೇಕಿತ್ತು. 2006ರಲ್ಲಿ ಭಾರತ ಒಪ್ಪಿದ ವಿಧಾನದಲ್ಲಿ ಚರ್ಮದೊಳಕ್ಕೆ ಎರಡು ಕಡೆ 0.1 ಮಿ.ಲೀ., ನಾಲ್ಕು ಭೇಟಿ. ಒಟ್ಟು 0.8 ಮಿ.ಲೀ. ಸಾಕು.

ಇಲ್ಲಿಯವರೆಗೆ ಚರ್ಮಕ್ಕೆ ಹೇಳಿದ್ದು ಒಂದೇ ಪಾಠ: ‘ಇವನನ್ನು ಗುರುತಿಟ್ಟುಕೊ, ಬಂದರೆ ಹೊಡಿ’. ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಆಗೋದೇ ಬೇರೆ. ದೇಹದ ಪಡೆ ಆ ದ್ವೀಪಗಳನ್ನೇ ಶತ್ರು ಅಂದುಕೊಂಡು ಹೊಡೆಯುತ್ತೆ. ಅದಕ್ಕೆ ‘ಇವರು ಮನೆಯವರು, ಬಿಡು’ ಅಂತ ಕಲಿಸಬೇಕು. ಇದು ಬಲು ಕಷ್ಟದ ಪಾಠ.

ಬ್ರಿಟನ್ನಿನ ಕಾರ್ಡಿಫ್ ಮತ್ತು ಸ್ವೀಡನ್ನಿನ ಲಿಂಕೋಪಿಂಗ್‌ನಲ್ಲಿ ಆ ಪ್ರಯತ್ನ ನಡೆಯಿತು. ಇನ್ಸುಲಿನ್ನಿನ ಮೂಲರೂಪದಿಂದ 18 ಅಮೈನೋ ಆಮ್ಲದ ಒಂದು ತುಣುಕು ತೆಗೆದರು. ಇಂಥ ತುಣುಕಿಗೆ ಪೆಪ್ಟೈಡ್ ಅಂತಾರೆ. ಅದನ್ನು ಚಿನ್ನದ ಅತಿಸಣ್ಣ ನ್ಯಾನೋ ಕಣಗಳಿಗೆ ಅಂಟಿಸಿ, ಮಿಲಿಮೀಟರ್‌ಗಿಂತ ಚಿಕ್ಕ ಸೂಜಿಗಳಿಂದ ಚರ್ಮದೊಳಗೆ ಬಿಟ್ಟರು. ಲಾಂಗರ್‌ಹಾನ್ಸ್ ಕಂಡ ಕಾವಲುಗಾರರ ಕೈಲಿ, ಅವನೇ ಕಂಡ ದ್ವೀಪಗಳ ಗುರುತಿನ ಚೀಟಿ! ಆದರೆ 2022ರಲ್ಲಿ ಪ್ರಕಟವಾದ ಫಲಿತಾಂಶ ಅಷ್ಟು ಸಿಹಿ ಇರಲಿಲ್ಲ. ಚಿನ್ನದ ಕಣಗಳು ಚರ್ಮದಲ್ಲೇ ಉಳಿದವು, ಚುಚ್ಚಿದ ಜಾಗದ ಗಂಟು ಬೇಗ ಕರಗಲಿಲ್ಲ. ಸುಮ್ಮನಿರು ಅಂತ ಹೇಳಲು ಹೋದವರೇ ಕಾವಲುಗಾರರನ್ನು ಕೆರಳಿಸಿದ ಹಾಗಾಯ್ತು.

ಹೀಗಾಗಿ ವಾಟ್ಸಾಪ್‌ನಲ್ಲಿ ‘ನ್ಯಾನೋ ಪ್ಯಾಚ್ ಹಚ್ಚಿ, ಇನ್ಸುಲಿನ್ ಬಿಡಿ’ ಅಂತ ಯಾರಾದರೂ ಕಳಿಸಿದರೆ ನಂಬಬೇಡಿ. ಅಂಥ ಔಷಧಿ ಇನ್ನೂ ಬಂದಿಲ್ಲ. ಟೈಪ್ 1 ಇರುವ ಮಗುವಿಗೆ ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಕೆಯೊಳಗೆ ಇನ್ನೊಂದು ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ ಸೀಸೆ ಕಾಪಾಡುವವರು ಈಗಲೂ ಇದ್ದಾರೆ.

ಲಾಂಗರ್‌ಹಾನ್ಸ್ 1888ರಲ್ಲಿ, 40ನೇ ವಯಸ್ಸಿಗೇ ತೀರಿಕೊಂಡ. ದ್ವೀಪಗಳಿಗೆ ಅವನ ಹೆಸರಿಟ್ಟದ್ದು 1893ರಲ್ಲಿ. ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ.