ಗ್ರೀಷ್ಮದ ಧಗೆ ಮತ್ತು ಗೃಹಸ್ಥನ ಹೊಣೆ: ಗಿರಿನಾರಿನಿಂದ ಅಹಮದಾಬಾದಿನವರೆಗೆ

ಸೌರಾಷ್ಟ್ರದ ಜುನಾಗಢದಿಂದ ಗಿರಿನಾರ ಪರ್ವತದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹೆಬ್ಬಂಡೆಯಿದೆ. ಭಗವಾನ್ ನೇಮಿನಾಥ ತೀರ್ಥಂಕರರ ನಿರ್ವಾಣಭೂಮಿಯ ದರ್ಶನಕ್ಕೆ ಹೋಗುವ ಯಾತ್ರಿಕರಲ್ಲಿ ಹೆಚ್ಚಿನವರು ಅದನ್ನು ದಾಟಿ ಮುಂದೆ ಸಾಗುತ್ತಾರೆ. ನಿಂತು ನೋಡುವವರು ವಿರಳ. ಆದರೆ ಬಿಸಿಲಿನ ನಾಡಿನಲ್ಲಿ ನೀರು-ನೆರಳುಗಳ ಹೊಣೆ ಯಾರದು ಎಂಬ ಪ್ರಶ್ನೆಗೆ ಭಾರತದ ಇತಿಹಾಸವು ಕೊಟ್ಟ ಅತಿ ಹಳೆಯ ಉತ್ತರಗಳಲ್ಲಿ ಕೆಲವು ಆ ಒಂದೇ ಕಲ್ಲಿನ ಮೇಲೆ ಇವೆ. ಅಶೋಕ, ರುದ್ರದಾಮ, ಸ್ಕಂದಗುಪ್ತ ಎಂಬ ಮೂವರು ಅರಸರ ಕಾಲದ ಬರಹಗಳು ಅದರ ಮೇಲೆ ಕೆತ್ತಲ್ಪಟ್ಟಿವೆ.

ಇವುಗಳಲ್ಲಿ ಮೊದಲನೆಯವು ಕ್ರಿ.ಪೂ. 3ನೆಯ ಶತಮಾನದ ಅಶೋಕನ ಧರ್ಮಲಿಪಿಗಳು. ಅವುಗಳ ಪೈಕಿ ಎರಡನೆಯ ಶಾಸನವು ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿದುದನ್ನು, ದಾರಿಗಳಲ್ಲಿ ಬಾವಿಗಳನ್ನು ತೋಡಿಸಿ ಮರಗಳನ್ನು ನೆಡಿಸಿದುದನ್ನು ತಿಳಿಸುತ್ತದೆ. ಈಗ ದೆಹಲಿಯಲ್ಲಿರುವ ತೋಪ್ರಾ ಸ್ತಂಭದ ಏಳನೆಯ ಶಾಸನದಲ್ಲಿ ನೆರಳಿಗಾಗಿ ಆಲದ ಮರಗಳು, ಮಾವಿನ ತೋಪುಗಳು ಮತ್ತು ಕುಡಿಯುವ ನೀರಿನ ತಾಣಗಳ ಮಾತು ಇನ್ನೂ ವಿಸ್ತಾರವಾಗಿ ಬರುತ್ತದೆ. ಎರಡೂ ಕಡೆಗಳಲ್ಲಿ ಗಮನಿಸತಕ್ಕ ಅಂಶವೆಂದರೆ, ಫಲಾನುಭವಿಗಳ ಪಟ್ಟಿಯಲ್ಲಿ ಪಶುಗಳೂ ಮನುಷ್ಯರ ಜೊತೆಯಲ್ಲಿಯೇ ಸ್ಥಾನ ಪಡೆದಿವೆ.

ರುದ್ರದಾಮನ ಶಾಸನವು ಕ್ರಿ.ಶ. 150ರ ಸುಮಾರಿನದು. ಅದರ ವಿಷಯ ಸುದರ್ಶನ ಎಂಬ ಕೆರೆ. ಆ ಕೆರೆಯನ್ನು ಮೊದಲು ಕಟ್ಟಿಸಿದವನು ಚಂದ್ರಗುಪ್ತ ಮೌರ್ಯನ ಪ್ರಾಂತಾಧಿಕಾರಿಯಾಗಿದ್ದ ಪುಷ್ಯಗುಪ್ತ ಎಂದು ಶಾಸನ ಹೇಳುತ್ತದೆ. ಭದ್ರಬಾಹು ಸ್ವಾಮಿಗಳೊಡನೆ ದಕ್ಷಿಣಕ್ಕೆ ಬಂದು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ದೇಹತ್ಯಾಗ ಮಾಡಿದನೆಂದು ಜೈನ ಪರಂಪರೆಯು ಸ್ಮರಿಸುವ ಚಂದ್ರಗುಪ್ತನೇ ಇವನು. ದೊಡ್ಡ ಬಿರುಗಾಳಿ-ಮಳೆಗೆ ಒಡೆದ ಕಟ್ಟೆಯನ್ನು ರುದ್ರದಾಮನು ಪುನಃ ಕಟ್ಟಿಸಿದನು. ಹಾಗೆ ಕಟ್ಟಿಸುವಾಗ ಪ್ರಜೆಗಳ ಮೇಲೆ ಹೊಸ ಕರವನ್ನಾಗಲಿ ಬಿಟ್ಟಿದುಡಿಮೆಯನ್ನಾಗಲಿ ಹೇರದೆ ತನ್ನ ಭಂಡಾರದಿಂದಲೇ ವೆಚ್ಚ ಮಾಡಿದುದಾಗಿ ಅವನು ಹೇಳಿಕೊಂಡಿದ್ದಾನೆ. ಜನರಿಗೆ ನೀರು ಕೊಡುವ ಪುಣ್ಯಕಾರ್ಯವನ್ನು ಜನರ ಬೆವರನ್ನು ಹಿಂಡಿ ಮಾಡಬಾರದೆಂಬ ಎಚ್ಚರ ಆ ಮಾತಿನಲ್ಲಿದೆ. ಮುಂದೆ 5ನೆಯ ಶತಮಾನದಲ್ಲಿ ಸ್ಕಂದಗುಪ್ತನ ಕಾಲದಲ್ಲಿ ಕಟ್ಟೆ ಮತ್ತೊಮ್ಮೆ ಒಡೆಯಿತು, ಮತ್ತೊಮ್ಮೆ ದುರಸ್ತಿಯಾಯಿತು. ಮೂರನೆಯ ಬರಹ ಅದನ್ನು ಕುರಿತದ್ದು.

ಈ ಪರಂಪರೆ ಗುಜರಾತಿನಲ್ಲಿ ಮುಂದೆಯೂ ಬೆಳೆಯಿತು. 11ನೆಯ ಶತಮಾನದಲ್ಲಿ ಪಾಟಣದಲ್ಲಿ ರಾಣಿ ಉದಯಮತಿಯು ಕಟ್ಟಿಸಿದ ಮೆಟ್ಟಿಲುಬಾವಿಯನ್ನು ಜೈನಾಚಾರ್ಯ ಮೇರುತುಂಗರು ‘ಪ್ರಬಂಧಚಿಂತಾಮಣಿ’ಯಲ್ಲಿ ಸ್ಮರಿಸಿದ್ದಾರೆ. ಅಹಮದಾಬಾದಿನ ಸಮೀಪದ ಅಡಾಲಜದಲ್ಲಿ 1499ರ ಮೆಟ್ಟಿಲುಬಾವಿ ಐದು ಅಂತಸ್ತುಗಳಷ್ಟು ಆಳಕ್ಕೆ ಇಳಿಯುತ್ತದೆ. ಇಂತಹ ಬಾವಿಗಳು ನೀರಿನ ಆಸರೆಯಷ್ಟೇ ಆಗಿರಲಿಲ್ಲ. ಭೂಮಿಯ ಒಳಗಿನ ತಂಪು, ಕಲ್ಲಿನ ನೆರಳು ಮತ್ತು ನೀರಿನ ಆವಿ ಸೇರಿ ಕೆಳಗಿನ ಮಂಟಪಗಳಲ್ಲಿ ಹವೆ ತಂಪಾಗಿರುತ್ತಿತ್ತು. ದಾರಿಹೋಕರು ನಡುಹಗಲನ್ನು ಅಲ್ಲಿ ಕಳೆದು ಇಳಿಹೊತ್ತಿಗೆ ಪ್ರಯಾಣ ಮುಂದುವರಿಸುತ್ತಿದ್ದರು.

ಅಹಮದಾಬಾದು 1411ರಲ್ಲಿ ಸಾಬರಮತಿ ನದಿಯ ದಡದಲ್ಲಿ ಸ್ಥಾಪಿತವಾದ ನಗರ. ಅದರ ಧಗೆ ಹೊಸತಲ್ಲ. 17ನೆಯ ಶತಮಾನದ ಆರಂಭದಲ್ಲಿ ಅಲ್ಲಿ ತಂಗಿದ್ದ ಮೊಗಲ ಚಕ್ರವರ್ತಿ ಜಹಾಂಗೀರನು ಆ ಊರನ್ನು ಧೂಳಿನ ಊರೆಂದೂ ಬಿಸಿಗಾಳಿಯ ಊರೆಂದೂ ಹಳಿದು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯು ಹಳಿದು ಹೊರಟುಹೋದನು. ಅಲ್ಲಿಯೇ ಬಾಳಬೇಕಾದ ಜನರು ಉಪಾಯ ಕಂಡುಕೊಂಡರು. ‘ಪೋಳ’ ಎಂದು ಕರೆಯಲಾಗುವ ಅಲ್ಲಿನ ಹಳೆಯ ಕೇರಿಗಳಲ್ಲಿ ಓಣಿಗಳು ಕಿರಿದು. ಎದುರುಬದುರಿನ ಮನೆಗಳು ಒಂದಕ್ಕೊಂದು ನೆರಳಾಗುತ್ತವೆ. ಮನೆಯ ನಡುವಿನ ತೆರೆದ ಅಂಗಳದಿಂದ ಬಿಸಿಗಾಳಿ ಮೇಲೇರಿ ಹೋಗುತ್ತದೆ. ಅಂಗಳದ ಕೆಳಗಿನ ‘ಟಾಂಕಾ’ ಎಂಬ ನೆಲತೊಟ್ಟಿಯಲ್ಲಿ ಮಳೆಗಾಲದ ನೀರು ಬೇಸಗೆಗಾಗಿ ಕಾದಿರುತ್ತದೆ. ಬೀದಿಯ ತಿರುವಿನಲ್ಲಿ ಮಣ್ಣಿನ ಮಡಕೆಗಳನ್ನಿಟ್ಟು ನೀರು ಕೊಡುವ ‘ಪರಬ್’ಗಳನ್ನು ವರ್ತಕರು ನಡೆಸುತ್ತಿದ್ದರು. ಕನ್ನಡನಾಡಿನಲ್ಲಿ ಇದಕ್ಕೆ ಅರವಟ್ಟಿಗೆ ಎಂದು ಹೆಸರು. ಅರವಟ್ಟಿಗೆಗೆಂದು ದತ್ತಿ ಬಿಟ್ಟ ಸಂಗತಿ ನಮ್ಮ ಶಾಸನಗಳಲ್ಲಿಯೂ ಬರುತ್ತದೆ. ಹೆಸರು ಬೇರೆಯಾದರೂ ಧರ್ಮ ಒಂದೇ.

ಇಷ್ಟು ದೀರ್ಘವಾದ ಪರಂಪರೆಯುಳ್ಳ, ದಾನಶೀಲತೆಗೆ ಹೆಸರಾದ ನಗರದಲ್ಲಿಯೇ 2010ರ ಮೇ ತಿಂಗಳ ದುರಂತ ಸಂಭವಿಸಿತು ಎಂಬುದು ವಿಚಾರಕ್ಕೆ ಅರ್ಹವಾದ ವಿಷಯ. ಅಷ್ಟರಲ್ಲಿ ನಗರವು ಪೋಳಗಳ ಎಲ್ಲೆಯನ್ನು ಮೀರಿ ಬೆಳೆದಿತ್ತು. ಲಕ್ಷಾಂತರ ಶ್ರಮಿಕರು ತಗಡು ಮತ್ತು ಸಿಮೆಂಟ್ ಶೀಟುಗಳ ಕೆಳಗೆ ವಾಸಿಸುತ್ತಿದ್ದರು. ಮೇ 21ರಂದು ಉಷ್ಣತೆ 46.8 ಡಿಗ್ರಿ ಸೆಲ್ಸಿಯಸ್ ತಲುಪಿತು. ಸಾಮಾನ್ಯವಾಗಿ ಆ ತಿಂಗಳಿನಲ್ಲಿ ನಗರದಲ್ಲಿ ದಿನಕ್ಕೆ ಸುಮಾರು 100 ಮರಣಗಳು ಸಂಭವಿಸುತ್ತಿದ್ದವು. ಆ ಒಂದು ದಿನ ಅದು 300ನ್ನು ಮೀರಿತು.

ಆದರೆ ಇದರ ಪೂರ್ಣ ಪ್ರಮಾಣ ಆಗ ಯಾರಿಗೂ ತಿಳಿಯಲಿಲ್ಲ. ಬೆಂಕಿ ಬಿದ್ದರೆ ಹೊಗೆ ಕಾಣುತ್ತದೆ, ನೆರೆ ಬಂದರೆ ನೀರು ಕಾಣುತ್ತದೆ. ಬಿಸಿಲಿನ ಸಾವು ಒಂದೊಂದು ಮನೆಯಲ್ಲಿ ಒಂದೊಂದಾಗಿ ಸದ್ದಿಲ್ಲದೆ ಬರುತ್ತದೆ. ವೃದ್ಧರೊಬ್ಬರು ಹೃದಯ ನಿಂತು ಹೋದರೆಂದು ಬರೆಯಲಾಗುತ್ತದೆ. ಕೂಲಿಯೊಬ್ಬನು ಕುಸಿದು ಬಿದ್ದು ಸತ್ತನೆಂದು ಬರೆಯಲಾಗುತ್ತದೆ. ಕಾರಣದ ಅಂಕಣದಲ್ಲಿ ಬಿಸಿಲೆಂಬ ಶಬ್ದವೇ ಇರುವುದಿಲ್ಲ. ಮುಂದೆ ಸಂಶೋಧಕರು ನಗರದ ಮರಣ ನೋಂದಣಿಯ ಅಂಕಿಗಳನ್ನು ಹೋಲಿಸಿ ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಸತ್ಯ ಹೊರಬಿತ್ತು. 2009 ಮತ್ತು 2011ರ ಮೇ ತಿಂಗಳುಗಳ ಸರಾಸರಿ 3,118 ಮರಣಗಳಾದರೆ, 2010ರ ಮೇ ತಿಂಗಳಿನಲ್ಲಿ 4,462. ಅಂದರೆ ಒಂದೇ ನಗರದಲ್ಲಿ, ಒಂದೇ ತಿಂಗಳಿನಲ್ಲಿ 1,344 ಜೀವಗಳು ಹೆಚ್ಚಾಗಿ ಹೋದವು. ಜಮಾ-ಖರ್ಚಿನ ಪುಸ್ತಕದಲ್ಲಿ ಪ್ರತಿಯೊಂದು ಬಾಬೂ ದಾಖಲಾಗಿದ್ದು, ಮೊತ್ತವನ್ನು ಮಾತ್ರ ಯಾರೂ ಕೂಡಿರಲಿಲ್ಲ. ಹಾಗೆ ಕೂಡದ ವ್ಯಾಪಾರಿಯು ನಷ್ಟದಲ್ಲಿದ್ದರೂ ಲಾಭದಲ್ಲಿದ್ದೇನೆಂದು ನಂಬಿರುತ್ತಾನೆ.

ಅದೇ ಬೇಸಗೆಯ ಇನ್ನೊಂದು ಸಂಗತಿ ಕರುಳು ಕಲಕುವಂಥದು. ನಗರದ ಒಂದು ಸಾರ್ವಜನಿಕ ಆಸ್ಪತ್ರೆಯಲ್ಲಿ ಹೆರಿಗೆಯ ವಾರ್ಡು ಕಟ್ಟಡದ ತುತ್ತತುದಿಯ ಅಂತಸ್ತಿನಲ್ಲಿ, ಕಾದ ಚಾವಣಿಯ ಕೆಳಗೆ ಇತ್ತು. ಅಲ್ಲಿ ಹುಟ್ಟಿದ ಹಸುಗೂಸುಗಳು ಬಿಸಿಯ ತಾಪದಿಂದಲೇ ಅಸ್ವಸ್ಥವಾಗಿ ಚಿಕಿತ್ಸಾ ಘಟಕಕ್ಕೆ ಸೇರುತ್ತಿದ್ದುದು ವೈದ್ಯರ ಗಮನಕ್ಕೆ ಬಂದಿತು. ವಾರ್ಡನ್ನು ಕೆಳಗಿನ ಅಂತಸ್ತಿಗೆ ಸ್ಥಳಾಂತರಿಸಿದ ಮೇಲೆ ಅಂತಹ ಪ್ರಕರಣಗಳು ಬಹುವಾಗಿ ಇಳಿದವು. ಇದಕ್ಕೆ ದೊಡ್ಡ ಯಂತ್ರವಾಗಲಿ ದೊಡ್ಡ ದಾನವಾಗಲಿ ಬೇಕಾಗಲಿಲ್ಲ. ನೋಡುವ ಕಣ್ಣು ಮತ್ತು ನೋಡಿದ್ದನ್ನು ಬರೆದಿಡುವ ಅಭ್ಯಾಸ ಸಾಕಾಯಿತು.

ಈ ಅನುಭವದಿಂದ ನಗರವು ಪಾಠ ಕಲಿತುದು ಮೆಚ್ಚತಕ್ಕ ವಿಷಯ. 2013ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆಯು ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ಇತರ ತಜ್ಞರ ನೆರವಿನಿಂದ ಉಷ್ಣ ಕ್ರಿಯಾಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಇಂತಹ ಯೋಜನೆ ಇದೇ ಮೊದಲನೆಯದು. ಹವಾಮಾನದ ಮುನ್ಸೂಚನೆಯನ್ನು ಆಧರಿಸಿ ಹಳದಿ, ಕಿತ್ತಳೆ, ಕೆಂಪು ಎಂಬ ಮೂರು ಬಣ್ಣಗಳಲ್ಲಿ ಜನರಿಗೆ ಎಚ್ಚರಿಕೆ ಕೊಡುವುದು, 45 ಡಿಗ್ರಿಯನ್ನು ಮುಟ್ಟುವ ಸೂಚನೆಯಿದ್ದರೆ ಕೆಂಪು ಎಚ್ಚರಿಕೆ ಸಾರುವುದು, ಆಸ್ಪತ್ರೆಗಳಲ್ಲಿ ಮಂಜುಗಡ್ಡೆ-ಔಷಧಿಗಳನ್ನು ಸಜ್ಜಾಗಿರಿಸುವುದು, ವೈದ್ಯರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ತರಬೇತಿ ನೀಡುವುದು, ನೀರಿನ ತಾಣಗಳನ್ನು ಹೆಚ್ಚಿಸುವುದು, ಉದ್ಯಾನಗಳನ್ನು ಹಗಲಿನಲ್ಲಿ ತೆರೆದಿಡುವುದು ಇವೆಲ್ಲ ಅದರಲ್ಲಿ ಸೇರಿದವು. ಮುಂದೆ ಬಡವರ ಮನೆಗಳ ಚಾವಣಿಗಳಿಗೆ ಬಿಳಿಯ ಬಣ್ಣ ಬಳಿಯುವ ಕಾರ್ಯವೂ ಆರಂಭವಾಯಿತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ಯೋಜನೆಯಿಂದ ವರ್ಷಕ್ಕೆ ಸರಾಸರಿ ಸುಮಾರು 1,190 ಮರಣಗಳು ತಪ್ಪಿರಬಹುದೆಂದು ಅಂದಾಜು ಮಾಡಿತು. ಅಂದಾಜಿನಲ್ಲಿ ಹೆಚ್ಚುಕಡಿಮೆಗೆ ಬಹಳ ಎಡೆಯಿದ್ದರೂ ಜೀವಗಳು ಉಳಿದುವೆಂಬುದರಲ್ಲಿ ಅದು ಸಂದೇಹ ಇಡಲಿಲ್ಲ. ಇದಕ್ಕೂ ಮೊದಲು, 1998ರ ಬೇಸಗೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ ಒರಿಸ್ಸಾ ರಾಜ್ಯವು ಊರೂರಿನಲ್ಲಿ ನೀರಿನ ಛತ್ರಗಳನ್ನು ತೆರೆದು, ಕೆಲಸದ ವೇಳೆಯನ್ನು ಬದಲಿಸಿ, ಜನರಲ್ಲಿ ತಿಳಿವಳಿಕೆ ಹರಡಿ, ಮುಂದಿನ ವರ್ಷಗಳಲ್ಲಿ ಸಾವಿನ ಸಂಖ್ಯೆಯನ್ನು ಬಹಳಷ್ಟು ತಗ್ಗಿಸಿತ್ತು.

ಹಳೆಯ ದಾನಧರ್ಮಕ್ಕೂ ಈ ಹೊಸ ವ್ಯವಸ್ಥೆಗೂ ಇರುವ ಅಂತರವನ್ನು ಇಲ್ಲಿ ಗುರುತಿಸಬೇಕು. ಅರವಟ್ಟಿಗೆಯು ತನ್ನ ಬಳಿಗೆ ಬಂದವನಿಗೆ ನೀರು ಕೊಡುತ್ತದೆ. ಹಾಸಿಗೆಯಿಂದ ಏಳಲಾಗದ ವೃದ್ಧೆ, ತೊಟ್ಟಿಲ ಕೂಸು, ನಾಲ್ಕನೆಯ ಅಂತಸ್ತಿನಲ್ಲಿ ಇಟ್ಟಿಗೆ ಹೊರುತ್ತಿರುವ ಆಳು ಇವರು ಅರವಟ್ಟಿಗೆಯ ಬಳಿಗೆ ಬರಲಾರರು. ಅವರನ್ನು ಹುಡುಕಿಕೊಂಡು ಹೋಗಬೇಕು, ಮುಂಚಿತವಾಗಿಯೇ ಎಚ್ಚರಿಸಬೇಕು. ಎಚ್ಚರಿಸಿದರೂ ಸಾಲದು. ಒಂದು ದಿನ ಮನೆಯಲ್ಲಿ ಉಳಿದರೆ ಒಂದು ದಿನದ ಕೂಲಿ ಹೋಗುತ್ತದೆ ಎಂಬ ಭಯದಿಂದ ಬಡವನು ಕೆಂಪು ಎಚ್ಚರಿಕೆಯ ದಿನವೂ ಬಿಸಿಲಿಗೆ ಇಳಿಯುತ್ತಾನೆ. 1972ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ‘ಸೇವಾ’ ಎಂಬ ಸ್ವಯಂ ಉದ್ಯೋಗಿ ಮಹಿಳೆಯರ ಸಂಘವು 2023ರಿಂದ ತನ್ನ ಸದಸ್ಯೆಯರಿಗೆ, ಉಷ್ಣತೆ ಒಂದು ಮಿತಿಯನ್ನು ಮೀರಿದ ದಿನಗಳಿಗಾಗಿ ಹಣ ಕೊಡುವ ವಿಮೆಯನ್ನು ಪ್ರಯೋಗಕ್ಕೆ ತಂದುದು ಈ ಕಾರಣಕ್ಕಾಗಿಯೇ.

ಅಹಿಂಸೆಯ ದೃಷ್ಟಿಯಿಂದ ನೋಡಿದಾಗ ಈ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಉಷ್ಣ ಮತ್ತು ತೃಷೆಗಳನ್ನು ಮುನಿಗಳು ಪರೀಷಹಗಳೆಂದು ಸಮಭಾವದಿಂದ ಸಹಿಸುತ್ತಾರೆ. ಅದು ಸ್ವೇಚ್ಛೆಯ ತಪಸ್ಸು. ಅದೇ ತಾಪವನ್ನು ಬೇರೊಬ್ಬನ ಮೇಲೆ ಅವನ ಬಡತನದ ಬಲದಿಂದ ಹೇರಿದರೆ ಅದಕ್ಕೆ ತಪಸ್ಸೆಂಬ ಹೆಸರು ಸಲ್ಲದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣ ಮತ್ತು ಅನ್ನಪಾನನಿರೋಧಗಳನ್ನು ಎಣಿಸಿದೆ. ನ್ಯಾಯವಾದ ಭಾರಕ್ಕಿಂತ ಹೆಚ್ಚು ಹೊರಿಸುವುದು ಅತಿಭಾರಾರೋಪಣವೆಂದೂ, ಹಸಿವು-ನೀರಡಿಕೆಗಳಿಂದ ಪೀಡಿಸುವುದು ಅನ್ನಪಾನನಿರೋಧವೆಂದೂ ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸಿದ್ದಾರೆ. ಎತ್ತು-ಹಸುಗಳಿಗೆ ಅನ್ವಯಿಸುವ ನ್ಯಾಯ ಮನುಷ್ಯನಿಗೆ ಅನ್ವಯಿಸದೇ ಇರದು.

ನ್ಯಾಯವಾದ ಭಾರ ಎಷ್ಟು ಎಂಬುದನ್ನು ತಕ್ಕಡಿಯೊಂದೇ ಹೇಳಲಾರದು. 50 ಕಿಲೋ ಚೀಲವು ಮಾರ್ಗಶಿರದ ಮುಂಜಾನೆಯಲ್ಲಿಯೂ ವೈಶಾಖದ ನಡುಹಗಲಿನಲ್ಲಿಯೂ ತಕ್ಕಡಿಯಲ್ಲಿ ಒಂದೇ ತೂಕ. ಹೊರುವ ಬೆನ್ನಿಗೆ ಒಂದೇ ಅಲ್ಲ. ದೇಹವು ತನ್ನ 37 ಡಿಗ್ರಿಯ ಆಸುಪಾಸಿನ ಉಷ್ಣತೆಯನ್ನು ಬೆವರಿನ ಆವಿಯಿಂದ ಕಾಯ್ದುಕೊಳ್ಳುತ್ತದೆ. ಬೆವರಲು ನೀರಿಲ್ಲದಾಗ, ಅಥವಾ ಹವೆಯಲ್ಲಿ ತೇವ ಹೆಚ್ಚಿ ಬೆವರು ಆರದಾಗ, ಒಳಗಿನ ತಾಪ ಏರುತ್ತದೆ. ಅದು 40 ಡಿಗ್ರಿಯನ್ನು ಮೀರಿ ಮಾತು ತಡವರಿಸಿದರೆ, ಬುದ್ಧಿ ಮಂಕಾದರೆ, ಜೀವಕ್ಕೇ ಅಪಾಯ. ಅಂತಹವನನ್ನು ಕೂಡಲೇ ನೆರಳಿಗೆ ಒಯ್ದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ಆಸ್ಪತ್ರೆಗೆ ಸಾಗಿಸಬೇಕು. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕಬಾರದು. ದುಡಿಯುವವರು ಬಾಯಾರಿಕೆಗಾಗಿ ಕಾಯದೆ ಆಗಾಗ ನೀರು, ಮಜ್ಜಿಗೆ, ಉಪ್ಪು-ಸಕ್ಕರೆ ಬೆರೆಸಿದ ನಿಂಬೆಯ ಪಾನಕಗಳನ್ನು ಕುಡಿಯುತ್ತಿರಬೇಕು.

ಕರ್ನಾಟಕದಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್-ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪದ್ಧತಿಯಿದೆ. ಬೀಸಣಿಗೆಯ ಕೆಳಗೆ ಕುಳಿತು ಬರೆಯುವವರಿಗೆ ಸಲ್ಲುವ ಈ ಸೌಲಭ್ಯವು ಮಾರುಕಟ್ಟೆಯ ಹಮಾಲರಿಗೂ ರಸ್ತೆಗೆ ಡಾಂಬರು ಹಾಕುವವರಿಗೂ ಸಲ್ಲುವುದು ಹೆಚ್ಚು ನ್ಯಾಯ. ಇದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಚೀಲ ಇಳಿಸುವ ಹೊತ್ತನ್ನು ಗೊತ್ತುಪಡಿಸುವವನು ಅಂಗಡಿಯ ಮಾಲೀಕನೇ. ಲಾರಿಯನ್ನು ಬೆಳಗಿನ ಜಾವಕ್ಕೆ ತರಿಸುವುದು, ನಡುಹಗಲಿನ ಮೂರು ತಾಸು ಕೂಲಿ ಕಡಿತವಿಲ್ಲದೆ ಬಿಡುವು ಕೊಡುವುದು, ಗೋದಾಮಿನ ಚಾವಣಿಗೆ ಸುಣ್ಣ ಬಳಿಸುವುದು, ಎತ್ತಿಗೂ ಬೀದಿಯ ನಾಯಿಗೂ ತೊಟ್ಟಿಯಲ್ಲಿ ನೀರಿಡುವುದು ಇವು ಅವನ ಕೈಯಲ್ಲಿಯೇ ಇವೆ.

ಪ್ರಮಾದದಿಂದಾದ ಪ್ರಾಣಹಾನಿಯೇ ಹಿಂಸೆ ಎಂದು ಉಮಾಸ್ವಾಮಿಗಳ ನಿರ್ಣಯ. ಬಿಸಿಗಾಳಿಯು ಮೊದಲು ಮುನ್ಸೂಚನೆಯಿಲ್ಲದೆ ಬರುತ್ತಿತ್ತು. ಈಗ ಹವಾಮಾನ ಇಲಾಖೆಯು ದಿನಗಳ ಮೊದಲೇ ಅದನ್ನು ಸಾರುತ್ತದೆ. ತಿಳಿಯದೆ ಆದುದಕ್ಕೂ ತಿಳಿದೂ ಉಪೇಕ್ಷಿಸಿದುದಕ್ಕೂ ಅಂತರವುಂಟು. ಬೇಸಗೆಯಲ್ಲಿ ಅರವಟ್ಟಿಗೆ ತೆರೆಯುವ ಶ್ರಾವಕನು ಪುಣ್ಯವಂತನೇ ಸರಿ. ಆದರೆ ಅದೇ ಮಧ್ಯಾಹ್ನ ತನ್ನ ಗೋದಾಮಿನಲ್ಲಿ ಮೂಟೆ ಹೊರುತ್ತಿರುವವನ ಲೆಕ್ಕವನ್ನೂ ಅವನು ನೋಡಿಕೊಳ್ಳಬೇಕು. ಆ ಲೆಕ್ಕವನ್ನು ವರ್ಷದ ಕೊನೆಗೆ ಬಿಟ್ಟರೆ ಆಗದು. ಅದನ್ನು ಆಯಾ ದಿನದ ಬಿಸಿಲು ಏರುವ ಮೊದಲೇ ನೋಡಬೇಕು.