ಸುಳ್ವಾಡಿಯ ಪ್ರಸಾದ ಮತ್ತು ನಾವು ‘ಔಷಧಿ’ ಎನ್ನುವ ವಿಷ

ಚಿಂತಾಮಣಿಯ ಟೊಮ್ಯಾಟೊ ತೋಟವಿರಲಿ, ಶಿಡ್ಲಘಟ್ಟದ ಹಿಪ್ಪುನೇರಳೆ ಇರಲಿ, ಗಿಡಕ್ಕೆ ಸಿಂಪಡಿಸುವುದನ್ನು ನಾವು ಯಾರೂ ವಿಷ ಎನ್ನುವುದಿಲ್ಲ. ‘ಔಷಧಿ ಹೊಡೆದೆವು’ ಎನ್ನುತ್ತೇವೆ. ಆ ಔಷಧಿ ಮನುಷ್ಯರ ಮೈಗೆ ಹೋದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ 2018ರ ಡಿಸೆಂಬರ್ 14ರಂದು ನೋಡಿತು.

ಅಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರಕ್ಕೆ ಶಂಕುಸ್ಥಾಪನೆ. ಬಂದವರಿಗೆಲ್ಲ ಪ್ರಸಾದ ಹಂಚಿದರು. ತಿಂದವರಿಗೆ ವಾಂತಿ, ಭೇದಿ, ಉಸಿರಾಟದ ತೊಂದರೆ. ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 17 ಮಂದಿ ತೀರಿಕೊಂಡರು. ಅನ್ನದಲ್ಲಿ ಸಿಕ್ಕಿದ್ದು ಮೋನೋಕ್ರೋಟೋಫಾಸ್ ಎಂಬ ಕೀಟನಾಶಕ. ದೇವಸ್ಥಾನದ ಟ್ರಸ್ಟಿನ ಒಳಜಗಳವೇ ಕಾರಣವೆಂದು ಪೊಲೀಸರು ಹೇಳಿದರು.

ಇದೇ ವಿಷ 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರ ಬಿಸಿಯೂಟದಲ್ಲಿ ಸೇರಿ 23 ಮಕ್ಕಳು ಸತ್ತಿದ್ದರು. ಅದಕ್ಕೂ ಹಿಂದೆ, 1958ರಲ್ಲಿ, ಪ್ಯಾರಾಥಿಯಾನ್ ಬೆರೆತ ಗೋಧಿ ಹಿಟ್ಟು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಇವೆಲ್ಲ ಆರ್ಗನೋಫಾಸ್ಫೇಟ್ ಎಂಬ ಒಂದೇ ಕುಲದ ವಿಷಗಳು. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟ ಕೊಲ್ಲುವ ರಾಸಾಯನಿಕ ಹುಡುಕುತ್ತಿದ್ದಾಗ ಟಾಬುನ್ ಸಿಕ್ಕಿತು. ಸೈನ್ಯ ಅದನ್ನು ಯುದ್ಧದ ವಿಷಾನಿಲ ಮಾಡಿಕೊಂಡಿತು. ಪ್ಯಾರಾಥಿಯಾನ್ ಕೂಡ ಅವನದೇ ಶೋಧ. ಹಿಪ್ಪುನೇರಳೆಗೆ ಹೊಡೆಯುತ್ತಿದ್ದ, 2020ರ ಕೊನೆಯಲ್ಲಿ ನಿಷೇಧವಾದ ಡೈಕ್ಲೋರ್ವಾಸ್ ಕೂಡ ಇದೇ ಕುಲದ್ದು.

ಇವು ಕೊಲ್ಲುವ ಬಗೆಯೂ ಒಂದೇ. ನರದಿಂದ ಸ್ನಾಯುವಿಗೆ ಹೋದ ಸಂದೇಶವನ್ನು ಅಳಿಸಿಹಾಕುವ ಕಿಣ್ವವೊಂದು ಮೈಯಲ್ಲಿದೆ. ವಿಷ ಅದನ್ನು ಕಟ್ಟಿಹಾಕುತ್ತದೆ. ಸಂದೇಶ ನಿಲ್ಲುವುದೇ ಇಲ್ಲ. ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬೆವರು, ಜೊಲ್ಲು ಸುರಿಯುತ್ತದೆ, ಶ್ವಾಸಕೋಶದಲ್ಲಿ ಕಫ ತುಂಬುತ್ತದೆ. ಕೊನೆಗೆ ಉಸಿರಾಡಿಸುವ ಸ್ನಾಯುಗಳೇ ಸೋಲುತ್ತವೆ.

ಅಟ್ರೋಪಿನ್ ಚುಚ್ಚುಮದ್ದು ಕಫ ಒಣಗಿಸಿ, ಕುಸಿದ ಎದೆಬಡಿತವನ್ನು ಎತ್ತುತ್ತದೆ. ಆದರೆ ಸೋತ ಸ್ನಾಯುವಿಗೆ ಬಲ ಕೊಡುವುದಿಲ್ಲ. ಅದಕ್ಕೆ ವೆಂಟಿಲೇಟರ್ ಬೇಕು. ಸುಳ್ವಾಡಿಯ ರೋಗಿಗಳನ್ನು ಕಾಮಗೆರೆ, ಕೊಳ್ಳೇಗಾಲ ದಾಟಿಸಿ ಮೈಸೂರಿನವರೆಗೆ ಸಾಗಿಸಿದ್ದು ಇದಕ್ಕೇ. ಒಂದೇ ಆಸ್ಪತ್ರೆಗೆ ಅಷ್ಟು ಜನರನ್ನು ನಿಭಾಯಿಸಲು ಆಗದೆ ಕೆ.ಆರ್. ಆಸ್ಪತ್ರೆ ಮತ್ತು ಹಲವು ಖಾಸಗಿ ಆಸ್ಪತ್ರೆಗಳಿಗೆ ಹಂಚಬೇಕಾಯಿತು.

ಇನ್ನೊಂದು ಮಾತು ಪ್ರತಿ ಮನೆಗೂ ತಿಳಿದಿರಬೇಕು. ಮೊದಲ ದಿನ ಸುಧಾರಿಸಿದ ರೋಗಿಗೆ ಒಂದರಿಂದ ನಾಲ್ಕು ದಿನದೊಳಗೆ ಮತ್ತೆ ಉಸಿರು ಕಟ್ಟಬಹುದು. ಶ್ರೀಲಂಕಾದ ವೈದ್ಯರು ಇದನ್ನು 1987ರಲ್ಲೇ ಬರೆದಿಟ್ಟಿದ್ದಾರೆ. ಕುತ್ತಿಗೆ ಎತ್ತಲಾಗದಿರುವುದು ಅದರ ಮುನ್ಸೂಚನೆ. ‘ಮಾತಾಡ್ತಾವ್ನೆ, ಮನೆಗೆ ಕರ್ಕೊಂಡೋಗ್ತೀವಿ’ ಎಂದು ಬಲವಂತ ಮಾಡಿ ಬಿಡುಗಡೆ ಮಾಡಿಸಿಕೊಂಡರೆ ಪ್ರಾಣಕ್ಕೇ ಸಂಚಕಾರ.

ವಿದುರಾಶ್ವತ್ಥದವರಿಗೆ ಹತ್ತಿರದ ಊರು ಗೌರಿಬಿದನೂರು, ದೊಡ್ಡ ಚಿಕಿತ್ಸೆಗೆ ಚಿಕ್ಕಬಳ್ಳಾಪುರ ಇಲ್ಲವೇ ಬೆಂಗಳೂರು. ಈ ದಾರಿಯಲ್ಲಿ ಕಳೆಯುವ ಹೊತ್ತೇ ಜೀವ. ಹಾಗಾಗಿ 108ಕ್ಕೆ ಕರೆ ಮಾಡಿ. ವಿಷ ತಾಗಿದ ಬಟ್ಟೆ ತೆಗೆದು ಮೈಯನ್ನು ಸೋಪಿನಿಂದ ತೊಳೆಯಿರಿ. ತೊಳೆಯುವವರು ಕೈಗೆ ಕವರ್ ಆದರೂ ಕಟ್ಟಿಕೊಳ್ಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಪಕ್ಕಕ್ಕೆ ಮಲಗಿಸಿ ಕರೆದೊಯ್ಯಿರಿ. ವಿಷದ ಬಾಟಲಿಯನ್ನು ಎಸೆಯದೆ ವೈದ್ಯರ ಕೈಗೆ ಕೊಡಿ. ಸುಳ್ವಾಡಿಯಲ್ಲಿ ತಾವು ತಿಂದದ್ದು ಏನೆಂದು ಭಕ್ತರಿಗೆ ಗೊತ್ತಿರಲಿಲ್ಲ. ನಮ್ಮ ಹೊಲದ ಬಾಟಲಿಯ ಮೇಲೆ ಹೆಸರು ಬರೆದೇ ಇರುತ್ತದೆ.